ಇಲಿಯ ಗೆಡ್ಡೆಗೆ ಶಾಖದ ಲೆಕ್ಕ: ಸಿಇಎಂ43 ಬೇಕೋ, ಆರ್ರೇನಿಯಸ್ ಬೇಕೋ?

ಗೆಡ್ಡೆಗೆ (ಟ್ಯೂಮರ್) ಶಾಖ ಕೊಡುವುದನ್ನು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಶನ್ ಮಾಡುತ್ತಿದ್ದೀರಿ; ರಕ್ತದ ಹರಿವನ್ನೂ ಸೇರಿಸಿ ಅಂಗಾಂಶದ ಶಾಖ ಲೆಕ್ಕಹಾಕುವ ಪೆನ್ನೆಸ್ ಸಮೀಕರಣ ಬಿಡಿಸಿ ಅದರ ಪ್ರತಿ ಬಿಂದುವಿನ ತಾಪಮಾನ ಪಡೆದಿದ್ದೀರಿ. ಆ ಶಾಖಕ್ಕೆ ಎಷ್ಟು ಜೀವಕೋಶ ಸತ್ತವು ಎಂದು ತಿಳಿಯಲು ಮುಖ್ಯವಾಗಿ ಎರಡು ದಾರಿಗಳಿವೆ.

41ರಿಂದ 45 ಡಿಗ್ರಿಗೆ ಮಾತ್ರ ಕಾಯಿಸುವ ಹೈಪರ್‌ಥರ್ಮಿಯಾ ಆದರೆ ಸಿಇಎಂ43 ಸಾಕು. 1984ರಲ್ಲಿ ಸಪರೆಟೊ ಮತ್ತು ಡ್ಯೂಯಿ ಕೊಟ್ಟ ಈ ಅಳತೆ ಎಲ್ಲ ಬಿಸಿಯನ್ನೂ 43 ಡಿಗ್ರಿಯ ನಿಮಿಷಗಳಿಗೆ ತರುತ್ತದೆ: ಮೇಲೇರಿದರೆ ಡಿಗ್ರಿಗೆ ಎರಡು ಪಟ್ಟು, ಕೆಳಗಿಳಿದರೆ ಡಿಗ್ರಿಗೆ ಕಾಲು ಭಾಗ. 45 ಡಿಗ್ರಿಯಲ್ಲಿ 10 ನಿಮಿಷ ಅಂದರೆ 40 ನಿಮಿಷ. ಸಿಮ್ಯುಲೇಶನ್ನಿನ ಹೆಜ್ಜೆ ಸೆಕೆಂಡಿನಲ್ಲಿದ್ದರೆ 60ರಿಂದ ಭಾಗಿಸಿ. ಇಲ್ಲಿ ಎಡವುವವರು ಬಹಳ. ಆದರೆ 60 ಡಿಗ್ರಿಯ ಒಂದೇ ನಿಮಿಷ 1,31,072 ಆಗಿಬಿಡುತ್ತದೆ. ಅಂಥ ಸಂಖ್ಯೆಯಿಂದ ಪ್ರಯೋಜನವಿಲ್ಲ.

ಗೆಡ್ಡೆಯನ್ನು ಸುಟ್ಟು ಕೊಲ್ಲುವ ಅಬ್ಲೇಶನ್‌ಗೆ ನಮ್ಮ ಆಯ್ಕೆ ಆರ್ರೇನಿಯಸ್, ಅಂದರೆ ತಾಪಮಾನಕ್ಕೆ ತಕ್ಕ ಹಾನಿಯ ವೇಗವನ್ನು ಕ್ಷಣಕ್ಷಣಕ್ಕೂ ಕೂಡಿಸುತ್ತ ಹೋಗುವ ಸೂತ್ರ. ಹಾನಿಯ ಮೊತ್ತ 1 ಮುಟ್ಟಿದರೆ ಸುಮಾರು ಶೇ. 63 ಜೀವಕೋಶ ನಾಶ. ತಾಪಮಾನ ಕೆಲ್ವಿನ್‌ನಲ್ಲೇ ಇರಲಿ. ನಿಜವಾದ ಅಪಾಯ ಸೂತ್ರದ ಎರಡು ಸ್ಥಿರಾಂಕಗಳ ಜೋಡಿಯಲ್ಲಿದೆ: ಹಾನಿಗೆ ಬೇಕಾದ ಸಕ್ರಿಯಣ ಶಕ್ತಿ ಮತ್ತು ಅದರ ಜತೆಗಿನ ಗುಣಾಂಕ. ಚರ್ಮಕ್ಕೆ ಬಳಸುವ ಪ್ರಸಿದ್ಧ ಜೋಡಿಯಲ್ಲಿ ಸಕ್ರಿಯಣ ಶಕ್ತಿ ಮೋಲ್‌ಗೆ 6.28 ಲಕ್ಷ ಜೌಲ್. ಅದನ್ನು ಶೇ. 1ರಷ್ಟು ಹೆಚ್ಚಿಸಿ ನೋಡಿ: 50 ಡಿಗ್ರಿಯಲ್ಲಿ ಹಾನಿಯ ವೇಗ ಹತ್ತನೇ ಒಂದಕ್ಕೆ ಕುಸಿಯುತ್ತದೆ! ಹಾಗಾಗಿ ಒಂದು ಅಧ್ಯಯನದ ಶಕ್ತಿಯನ್ನು ಇನ್ನೊಂದರ ಗುಣಾಂಕದ ಜತೆ ಎಂದಿಗೂ ಬೆರೆಸಬೇಡಿ. ನಿಮ್ಮದೇ ಜೀವಕೋಶಗಳನ್ನು ಮೂರು-ನಾಲ್ಕು ತಾಪಮಾನದಲ್ಲಿ ಕಾಯಿಸಿ ಅಳೆದ ಜೋಡಿ ಎಲ್ಲಕ್ಕಿಂತ ಮೇಲು.

ಯಾವುದನ್ನೇ ಆರಿಸಿ, ಆರಂಭಿಕ ತಾಪಮಾನಕ್ಕೆ ಕಣ್ಣುಮುಚ್ಚಿ 37 ಹಾಕಬೇಡಿ. ಅರಿವಳಿಕೆ ಕೊಟ್ಟ ಇಲಿಯ ಮೈ ಬೇಗ ತಣಿಯುತ್ತದೆ. 44 ಡಿಗ್ರಿಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಸಿಇಎಂ43 ಪ್ರಮಾಣ 1.4 ಪಟ್ಟು ಅತ್ತಿತ್ತ ಆಗುತ್ತದೆ.