ಎಂಸಿಆರ್ ಚಪ್ಪಲಿ: ಸ್ಪರ್ಶ ತಪ್ಪಿದ ಪಾದಕ್ಕೆ ಎಷ್ಟರ ಮಟ್ಟಿಗೆ ಆಸರೆ?

ಮಧುಮೇಹದಿಂದ ಪಾದದ ನರಗಳು ಸೊರಗಿದವರಿಗೆ ವೈದ್ಯರು ಸೂಚಿಸುವ ಎಂಸಿಆರ್ ಚಪ್ಪಲಿಯನ್ನು, ಅಂದರೆ ಒಳಗೆ ಸಣ್ಣ ಸಣ್ಣ ಗಾಳಿಗೂಡುಗಳಿರುವ ಮೈಕ್ರೋ ಸೆಲ್ಯುಲಾರ್ ರಬ್ಬರಿನ ಮೆತ್ತೆಯ ಚಪ್ಪಲಿಯನ್ನು, ಬೆಂಗಳೂರಿನ ಒಂದು ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿಕೊಂಡು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಮೆಟ್ಟಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಬೆಲೆ 2,000 ರೂಪಾಯಿಯ ಆಸುಪಾಸು. ಇದು ನರವನ್ನು ಗುಣಪಡಿಸುವುದಿಲ್ಲ, ರಾತ್ರಿಯ ಉರಿಯನ್ನಾಗಲಿ ಜೋಮನ್ನಾಗಲಿ ಇಳಿಸುವುದಿಲ್ಲ. ನೋವು ಎಚ್ಚರಿಸದ ಪಾದದಲ್ಲಿ ಹುಣ್ಣೇಳದಂತೆ ತಡೆಯುವುದಷ್ಟೇ ಇದರ ಕೆಲಸ, ಅದನ್ನು ಚೆನ್ನಾಗಿಯೇ ಮಾಡುತ್ತದೆ.

ಇಂಥ ಪಾದರಕ್ಷೆಯ ಹಿಂದಿರುವುದು ಕುಷ್ಠರೋಗದ ಚಿಕಿತ್ಸೆಯ ಅನುಭವ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಮಾಡಿದ ಶಸ್ತ್ರಚಿಕಿತ್ಸಕ ಪಾಲ್ ಬ್ರ್ಯಾಂಡ್ ಅವರು, ಆ ರೋಗಿಗಳ ಅಂಗಾಲಿನ ಹುಣ್ಣುಗಳಿಗೆ ರೋಗಾಣುವಿಗಿಂತ ಹೆಚ್ಚಾಗಿ, ಸ್ಪರ್ಶವಿಲ್ಲದ ಜಾಗದ ಮೇಲೆ ನಡಿಗೆಯಲ್ಲಿ ಮತ್ತೆ ಮತ್ತೆ ಬೀಳುವ ಒತ್ತಡವೇ ಕಾರಣವೆಂದು ತೋರಿಸಿಕೊಟ್ಟರು. ಮಧುಮೇಹಿಯ ಪಾದದಲ್ಲಿ ಆಗುವುದೂ ಬಹುಮಟ್ಟಿಗೆ ಅದೇ.

ಅಂಗಡಿಯವರ ಕೆಲಸದಲ್ಲಿ ನನಗೆ ಮೆಚ್ಚುಗೆಯಾದದ್ದು ಅಳತೆಯ ಕ್ರಮ. ಪಾದ ಊದುವುದು ಸಂಜೆಗಾದ್ದರಿಂದ ಸಂಜೆಯೇ ಬರಹೇಳಿದರು, ನಿಲ್ಲಿಸಿಯೇ ಅಳೆದರು, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಕಿಸಿ ಎಲ್ಲೆಲ್ಲಿ ಸ್ಪರ್ಶ ತಪ್ಪಿದೆಯೆಂದು ಗುರುತು ಹಾಕಿಕೊಂಡರು. ನಮ್ಮಂಥವರಿಗೆ ಬಿಗಿಯಾದ ಚಪ್ಪಲಿಯೇ ಸರಿಯಾದ ಅಳತೆಯೆನ್ನಿಸುತ್ತದೆ, ಏಕೆಂದರೆ ಬಿಗಿದಾಗ ಮಾತ್ರ ಅದು ಕಾಲಿನಲ್ಲಿರುವುದು ಗೊತ್ತಾಗುತ್ತದೆ. ಆದ್ದರಿಂದ ಗಿರಾಕಿಯ ಮಾತನ್ನು ಪೂರ್ತಿ ನಂಬದ ಅಂಗಡಿಯೇ ಒಳ್ಳೆಯ ಅಂಗಡಿ. ಚಪ್ಪಲಿಯಲ್ಲಿ ಎಲ್ಲೂ ಮೊಳೆಯಿಲ್ಲ. ಬೆರಳುಗಳ ನಡುವೆ ಉಜ್ಜುವ ಪಟ್ಟಿಯಿಲ್ಲ. ಹಿಮ್ಮಡಿಯ ಹಿಂದೆ ಪಟ್ಟಿಯಿರುವುದರಿಂದ, ಚಪ್ಪಲಿ ಜಾರದಂತೆ ಬೆರಳು ಮಡಚಿ ಹಿಡಿಯಬೇಕಾಗಿಲ್ಲ.

ಕೊರತೆಗಳೂ ಇವೆ. ಚರ್ಮದ ಒಳಪದರ ಮಳೆಯಲ್ಲಿ ನೆನೆದರೆ ಬೇಗ ಒಣಗುವುದಿಲ್ಲ, ವೆಲ್ಕ್ರೋ ಪಟ್ಟಿ ದಾರ ಧೂಳು ಹಿಡಿದು ಸಡಿಲವಾಗುತ್ತದೆ. ನೋಟವಂತೂ ಆಸ್ಪತ್ರೆಯದೇ, ಮದುವೆಮನೆಗೆ ಇದನ್ನು ಮೆಟ್ಟಿಕೊಂಡು ಹೋಗಲು ನನ್ನ ಅಕ್ಕ ಇಂದಿಗೂ ಒಪ್ಪಿಲ್ಲ. ಹೊಸ್ತಿಲ ಹೊರಗೇ ಚಪ್ಪಲಿ ಬಿಡುವ ನಮ್ಮ ಮನೆಗಳಲ್ಲಿ ಒಳಗೆ ಮೆಟ್ಟಲು ಇನ್ನೊಂದು ಜೊತೆ ಬೇಕಾಗುತ್ತದೆ, ಅಂದರೆ ಖರ್ಚು ಇಮ್ಮಡಿ. ಹಾಗೆಂದು ಜಾತ್ರೆ, ಪ್ರದರ್ಶನಗಳಲ್ಲಿ ಮಾರುವ ಗುಬುಟುಗಳಿರುವ ಆಕ್ಯುಪ್ರೆಶರ್ ಚಪ್ಪಲಿಯ ಕಡೆ ಯಾರೂ ತಿರುಗದಿರಲಿ. ಸ್ಪರ್ಶವಿಲ್ಲದ ಅಂಗಾಲಿಗೆ ಅದು ಹುಣ್ಣಿಗೆ ಕೊಟ್ಟ ಆಹ್ವಾನ.

ಉರಿಗೆ ಬೇರೆಯೇ ಚಿಕಿತ್ಸೆಯಿದೆ. ಪ್ರಿಗ್ಯಾಬಲಿನ್, ಡುಲಾಕ್ಸೆಟಿನ್ ಮುಂತಾದ ಮಾತ್ರೆಗಳು ನೋವನ್ನಷ್ಟೇ ತಗ್ಗಿಸುತ್ತವೆ, ಸಕ್ಕರೆಯ ಹತೋಟಿ ಹಾನಿಯ ವೇಗವನ್ನು ತಗ್ಗಿಸುತ್ತದೆ. ಸಕ್ಕರೆ ಇಳಿಸಲು ಬಹುಕಾಲ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕುಸಿದು ಅದೂ ನರಗಳನ್ನು ಬಾಧಿಸಬಹುದು. ಅದು ತಿದ್ದಬಹುದಾದ ಕಾರಣವಾದ್ದರಿಂದ ರಕ್ತಪರೀಕ್ಷೆ ಮಾಡಿಸಿ ಎಂದು ವೈದ್ಯರನ್ನು ನಾವೇ ಕೇಳಬೇಕು. ನನ್ನ ಪಾದದ ಸ್ಪರ್ಶ ಮರಳಿಲ್ಲ. ಆದರೆ ಹೆಬ್ಬೆರಳಿನ ಬುಡದಲ್ಲಿ ದಪ್ಪಗಟ್ಟಿದ್ದ ಚರ್ಮ ತೆಳುವಾಗಿದೆ, ಬೆಳಗಿನ ನಡಿಗೆ ಮತ್ತೆ ಶುರುವಾಗಿದೆ, ನನಗೆ ಸಿಕ್ಕಿರುವ ಭರವಸೆ ಇಷ್ಟರದು.

ಕೊಳ್ಳುವವರು ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಮೆಟ್ಟಿ, ಕಳಚಿದ ಮೇಲೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಲಿ. ಕೆಂಪು ಉಳಿದಿದ್ದರೆ ಅಂಗಡಿಗೆ ಮರಳಿ ಒಯ್ಯಲಿ. ಹೆಬ್ಬೆರಳಿನಿಂದ ಒತ್ತಿದಾಗ ಮೆತ್ತೆ ಮತ್ತೆ ಉಬ್ಬದಿದ್ದರೆ ಬದಲಿಸುವ ಕಾಲ ಬಂದಿದೆಯೆಂದೇ ಅರ್ಥ. ಈಗಾಗಲೇ ಹುಣ್ಣಾಗಿರುವವರು, ಪಾದ ಕೆಂಪಗೆ ಬಿಸಿಯೇರಿ ಊದಿರುವವರು ಚಪ್ಪಲಿ ಅಂಗಡಿಗಲ್ಲ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.