ಡೆಬಿಯನ್ ಲಿನಕ್ಸ್ ಹಾಕಿದ ಹಳೇ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್: ಎರಡು ವರ್ಷ ಬಳಸಿದ ಮೇಲೆ

ಇದಕ್ಕೂ ಮುಂಚೆ ಒಂದು ಹೊಸ ಲ್ಯಾಪ್‌ಟಾಪ್ ತಗೊಂಡು ಕೈ ಸುಟ್ಟುಕೊಂಡಿದ್ದೆ. ಕಂಪನಿ ಹೆಸರು ಬೇಡ. ಪ್ರೊಸೆಸರ್ ನೋಡಿದ್ದೆ, ರ‍್ಯಾಮ್ ನೋಡಿದ್ದೆ, ಒಳಗಿರೋ ವೈಫೈ ಚಿಪ್ ಯಾವುದು ಅಂತ ಮಾತ್ರ ನೋಡಿರಲಿಲ್ಲ. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ವೈಫೈ ಇಲ್ಲ. ಆ ಚಿಪ್ ಓಡಿಸೋ ಡ್ರೈವರ್ ತಂತ್ರಾಂಶವನ್ನು ಮೂಲ ಕೋಡ್‌ನಿಂದ ನಾನೇ ಕಂಪೈಲ್ ಮಾಡಬೇಕು, ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದಾಗಲೆಲ್ಲ ಅದು ಮತ್ತೆ ಮಾಯ, ಆಗ ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಅದರ ನೆಟ್‌ನಲ್ಲಿ ಡ್ರೈವರ್ ಇಳಿಸಿ ಮೊದಲಿಂದ ಶುರು. ಒಂದು ವರ್ಷ ಇದೇ ಪೂಜೆ.

ಎರಡನೇ ಸಲ, ಈ ಹಳೇ ಥಿಂಕ್‌ಪ್ಯಾಡ್ ಕೊಳ್ಳೋಕೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋದಾಗ, ಜೇಬಿನಲ್ಲಿ ಡೆಬಿಯನ್ 12ರ ಲೈವ್ ಪೆನ್ ಡ್ರೈವ್ (ಇನ್‌ಸ್ಟಾಲ್ ಮಾಡದೆಯೇ ಓಡೋದು) ಇತ್ತು. "ವಿಂಡೋಸ್ ಹಾಕೇ ಕೊಡ್ತೀವಲ್ಲ ಸರ್, ಇದ್ಯಾಕೆ?" ಅಂದರು ಅಂಗಡಿಯವರು. ಎರಡು ನಿಮಿಷ ಕೊಡಿ ಅಣ್ಣ ಅಂತ ಅಲ್ಲೇ ಬೂಟ್ ಮಾಡಿದೆ. ಹಾಟ್‌ಸ್ಪಾಟ್ ಸಿಕ್ಕಿತು, ಸೌಂಡ್ ಬಂತು, ಕ್ಯಾಮೆರಾ ಬಂತು. ಆಮೇಲೆ ಮುಚ್ಚಳ ಮುಚ್ಚಿಟ್ಟು, ಹೊರಗೆ ಹೋಗಿ ಒಂದು ಟೀ ಕುಡಿದು ಬಂದು ತೆರೆದೆ. ತಕ್ಷಣ ಎದ್ದಿತು! ಸ್ಲೀಪ್‌ಗೆ ಹೋಗಿ ಸರಿಯಾಗಿ ಏಳದ ಮೆಷಿನ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಕೊನೆಗೆ ಟರ್ಮಿನಲ್‌ನಲ್ಲಿ ಬ್ಯಾಟರಿ ವಿವರ ತೋರಿಸೋ ಯುಪವರ್ ಓಡಿಸಿದರೆ, ಹೊಸದರಲ್ಲಿ 24 ವ್ಯಾಟ್-ಅವರ್ ಹಿಡಿಯುತ್ತಿದ್ದ ಬ್ಯಾಟರಿ ಈಗ 15 ಮಾತ್ರ ಹಿಡಿಯುತ್ತಿತ್ತು. ಹಳೇ ಮಾಲು, ಸಹಜ. ಆದರೆ ಆ ಅಂಕಿ ತೋರಿಸಿ ಚೌಕಾಸಿ ಮಾಡೋಕೆ ಚೆನ್ನಾಗಿತ್ತು.

ಇದು 2018ರ ಮಾಡೆಲ್. ವೈಫೈ, ಗ್ರಾಫಿಕ್ಸ್ ಎರಡೂ ಇಂಟೆಲ್, ಡ್ರೈವರ್ ಕರ್ನಲ್‌ನಲ್ಲೇ ಇದೆ. ಎನ್ವಿಡಿಯಾ ಎಂಎಕ್ಸ್150 ಅನ್ನೋ ಬೇರೆ ಗ್ರಾಫಿಕ್ಸ್ ಚಿಪ್ ಇರೋ ಟಿ480 ಕೂಡ ಸಿಗುತ್ತೆ. ಗೇಮ್ ಆಡದವರಿಗೆ ಅದು ಸುಮ್ನೆ ತಲೆನೋವು, ಬಿಡಿ. ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಬಯಾಸ್‌ನಲ್ಲಿ (ಮೆಷಿನ್ ಆನ್ ಆದಾಗ ಮೊದಲು ಓಡೋ ತಂತ್ರಾಂಶ) ಒಳಗಿನ ಬ್ಯಾಟರಿ ಆಫ್ ಮಾಡಿ, ಹೊರಗಿನದನ್ನು ತೆಗೆದು, ಸ್ಕ್ರೂ ಸಡಿಲಿಸಿ, ಹಳೇ ಎಟಿಎಂ ಕಾರ್ಡ್‌ನಿಂದ ತಳದ ಮುಚ್ಚಳದ ಅಂಚು ಬಿಡಿಸಿ 16 ಜಿಬಿ ಮಾಡಿಕೊಂಡೆ. ಹೌದು, ಬ್ಯಾಟರಿ ಎರಡು. ಒಳಗೊಂದು ಇರೋದರಿಂದ ಹೊರಗಿನದನ್ನು ಕೆಲಸದ ಮಧ್ಯೆಯೇ ಬದಲಾಯಿಸಬಹುದು. ಈಗಿನ ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಇದೆಲ್ಲಿದೆ? ಟಿಎಲ್‌ಪಿ ಅನ್ನೋ ಬ್ಯಾಟರಿ ನೋಡಿಕೊಳ್ಳೋ ತಂತ್ರಾಂಶ ಹಾಕಿ ಚಾರ್ಜ್ ಶೇಕಡಾ 80ಕ್ಕೆ ನಿಲ್ಲೋ ಹಾಗೆ ಮಾಡಿದ್ದೇನೆ. ಬಯಾಸ್ ಅಪ್‌ಡೇಟ್ ಕೂಡ ಲಿನಕ್ಸ್‌ನಲ್ಲೇ ಆಗುತ್ತೆ, ಅದಕ್ಕಂತ ವಿಂಡೋಸ್ ಇಟ್ಟುಕೊಳ್ಳಬೇಕಿಲ್ಲ.

ಕನ್ನಡ ಟೈಪಿಂಗ್‌ಗೆ ಏನೂ ಇಳಿಸಲಿಲ್ಲ. ಕೀಬೋರ್ಡ್ ಪಟ್ಟಿಯಲ್ಲೇ ಕಗಪ ಕೀಲಿ ವಿನ್ಯಾಸ ಇದೆ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ ಪ್ಯಾಕೇಜ್ ಆಗಿಯೇ ಸಿಗುತ್ತವೆ. ಇದನ್ನೂ ಇದರಲ್ಲೇ ಬರೆಯುತ್ತಿದ್ದೇನೆ, ಕೀಗಳು ಬೆರಳಿಗೆ ಹಿತವಾಗಿವೆ.

ಅಂಗಡಿಯಲ್ಲಿ ಎಲ್ಲ ನೋಡಿ ಒಂದು ಮರೆತಿದ್ದೆ: ಬೆರಳಚ್ಚಿನ ಸೆನ್ಸರ್. ಇದರಲ್ಲಿರೋದಕ್ಕೆ ಡೆಬಿಯನ್‌ನಲ್ಲಿ ನೇರ ಬೆಂಬಲ ಇಲ್ಲ. ಹೊರಗಿನ ಡ್ರೈವರ್ ಒಂದಿದೆ, ಆದರೆ ಆ ಹಳೇ ಪೂಜೆ ಮತ್ತೆ ಯಾರಿಗೆ ಬೇಕು ಅಂತ ಪಾಸ್‌ವರ್ಡ್ ಕುಟ್ಟಿಕೊಂಡೇ ಇದ್ದೇನೆ.