ಡೆಪಾ ಎಣ್ಣೆ: ಎರಡು ಬೇಸಿಗೆ ಹಚ್ಚಿಕೊಂಡವಳ ಮಾತು

ನಮ್ಮದು ಸಾಗರದ ಕಡೆ, ಮನೆ ಹಿಂದೇನೇ ಸೊಪ್ಪಿನಬೆಟ್ಟ. ಕೊಟ್ಟಿಗೆಗೆ ತರಗೆಲೆ ಗುಡಿಸಿ ತರದೆ ನಡೆಯೋದಿಲ್ಲ. ಆದರೆ ಮಂಗನ ಕಾಯಿಲೆ ಅನ್ನೋ ಜ್ವರ ಹರಡುವ ಮರಿ ಉಣುಗು (ರಕ್ತ ಹೀರುವ ಉಣ್ಣಿ) ಇರೋದೂ ಆ ತರಗಿನಲ್ಲೇ, ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ. ಎಳ್ಳಿಗಿಂತ ಸಣ್ಣದು, ಕಚ್ಚಿದ್ದೇ ಗೊತ್ತಾಗೋದಿಲ್ಲ. 2019ರಲ್ಲಿ ನಮ್ಮ ಸಾಗರ ತಾಲೂಕಿನ ಅರಳಗೋಡಿನಲ್ಲಿ ಈ ಕಾಯಿಲೆಯಿಂದ ಆದ ಸಾವುಗಳನ್ನು ಕೇಳಿದ ಮೇಲೆ ನಮ್ಮತ್ತೆಯವರೇ "ಎಣ್ಣೆ ಹಚ್ಚದೆ ಬೆಟ್ಟ ಹತ್ತಬೇಡ ಮಾರಾಯ್ತಿ" ಅನ್ನೋಕೆ ಶುರು ಮಾಡಿದರು.

ಡೆಪಾ ಅಂದರೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳೋ ಎಣ್ಣೆ, ಡಿಆರ್‌ಡಿಓ ಅನ್ನೋ ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದದ್ದು. ನಮಗೆ ಆಶಾ ಕಾರ್ಯಕರ್ತೆ ಮನೆಗೇ ತಂದು ಕೊಡ್ತಾರೆ, ದುಡ್ಡಿಲ್ಲ. ಮುಂಚೆ ಇದೇ ಕೆಲಸಕ್ಕೆ ಹಚ್ಚುತ್ತಿದ್ದ ಡಿಎಂಪಿ ಎಣ್ಣೆಗಿಂತ ಜಿಡ್ಡು ಕಮ್ಮಿ ಅಂತ ನನಗನ್ನಿಸಿತು. ಪಾದದಿಂದ ಮಂಡಿ ಮೇಲಿನವರೆಗೆ, ಕೈಗೆ, ಕುತ್ತಿಗೆಗೆ ತಿಕ್ಕಿಕೊಂಡು ಹೋಗ್ತೇನೆ. ಎರಡು ಬೇಸಿಗೆಯಲ್ಲಿ ಮೈಮೇಲೆ ಉಣುಗು ಸಿಕ್ಕಿದ್ದು ಒಂದೇ ಸಲ, ಅದೂ ಎಣ್ಣೆ ಮುಟ್ಟದ ಸೊಂಟದ ಹತ್ತಿರ, ಸೀರೆ ಕಟ್ಟಿದ ಜಾಗದಲ್ಲಿ.

ತಕರಾರೂ ಇದೆ. ಬೆವರಿಗೆ ಇಳಿದುಹೋಗುತ್ತೆ, ಮಧ್ಯಾಹ್ನ ಮತ್ತೆ ಹಚ್ಚಬೇಕು. ಬಾಟಲಿ ಸಣ್ಣದು, ನಾಲ್ಕು ಜನ ಬೆಟ್ಟಕ್ಕೆ ಹೋಗುವ ಮನೆಗೆ ಏನೇನೂ ಸಾಲದು. ಹೋದ ವರ್ಷ ಕೈಗೆ ಸಿಕ್ಕಿದ್ದು ಅರ್ಧ ತರಗು ತಂದಾದ ಮೇಲೆ!

ಎಣ್ಣೆ ಹಚ್ಚಿದೆ ಅಂತ ಸತ್ತ ಮಂಗದ ಹತ್ತಿರ ಹೋಗಬೇಡಿ, ಅದರ ಮೈಯಿಂದ ಉಣುಗು ಸುತ್ತಲೂ ಉದುರಿರುತ್ತೆ. ಮನೆಗೆ ಬಂದವಳೇ ಬಟ್ಟೆಯನ್ನು ಕುದಿಯೋ ನೀರಿಗೆ ಹಾಕಿ, ಸೋಪು ಹಚ್ಚಿ ಬಿಸಿನೀರು ಸ್ನಾನ ಮಾಡ್ತೇನೆ.

ಐದಕ್ಕೆ ನಾಲ್ಕು ಕೊಡ್ತೇನೆ. ಬಾಟಲಿ ದೊಡ್ಡದಾಗಿದ್ದರೆ ನಾಲ್ಕೂವರೆ.